ತಟ್ಟೆ ತೊಳೆಯುವ ಹುಡುಗರು

ಶನಿವಾರ ಬೆಳಿಗ್ಗೆ ಯಜಮಾನರು ಮಗನ ಬೂಟಿಗೆ ಪಾಲಿಶ್ ಹಚ್ಚಿ, ಮುಖ ಕಾಣುವಷ್ಟು ಉಜ್ಜಿ, ಬಾಗಿಲ ಪಕ್ಕ ಜೋಡಿಸಿಟ್ಟು, ಕೈ ತೊಳೆದುಕೊಂಡು, ಆ ಮಗನನ್ನೇ ಕೆಲಸದಿಂದ ಕಿತ್ತುಹಾಕಿ ಎಂದು ಕೂಗುವುದಕ್ಕೆ ಮೈದಾನಕ್ಕೆ ಹೊರಡುತ್ತಿದ್ದರು. ಇದರಲ್ಲಿ ಅವರಿಗೆ ಯಾವ ತೊಡಕೂ ಕಾಣುತ್ತಿರಲಿಲ್ಲ.

"ಬೂಟು ಮಗಂದು. ಬೈಗುಳ ಮುಖ್ಯಸ್ಥಂದು. ಎರಡನ್ನೂ ಕಲಸಬೇಡಿ," ಎನ್ನುತ್ತಿದ್ದರು.

ಯಜಮಾನರು ಜೀವಮಾನವೆಲ್ಲ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಊರಿನ ಫುಟ್‌ಬಾಲ್ ತಂಡದ ಅಭಿಮಾನಿ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಅವರ ಒಬ್ಬನೇ ಮಗ ಅದೇ ತಂಡದಲ್ಲಿ ಆಟಗಾರರ ಆಯ್ಕೆಯ ಮುಖ್ಯಸ್ಥ. ಆಡಿಸುವವನು ಕೋಚು, ಆದರೆ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎನ್ನುವುದು ಇವನ ತೀರ್ಮಾನ. ಇವನು ಆ ಕುರ್ಚಿಯಲ್ಲಿ ಕೂತ ಮೊದಲ ವರ್ಷ ತಂಡ ಗೆದ್ದದ್ದೇ ಗೆದ್ದದ್ದು. ಅಪ್ಪ ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ತಿರುಗಿದರು. ಈಗ ಮೂರನೆಯ ವರ್ಷ. ತಂಡ ನೆಲ ಕಚ್ಚಿತ್ತು. ಕೆಳಗಿನ ದರ್ಜೆಗೆ ಜಾರಿಬೀಳುವ ಭಯ ಊರಿನ ಪ್ರತಿಯೊಂದು ಚಹಾದಂಗಡಿಯಲ್ಲೂ ಕೂತು ಚಹಾ ಕುಡಿಯುತ್ತಿತ್ತು.

ಇವರಿಬ್ಬರ ನಡುವೆ ಸಿಕ್ಕಿಕೊಂಡವರು ಅಮ್ಮ. ಮನೆಯವರಿಗಷ್ಟೇ ಅಲ್ಲ, ತಂಡದ ಹುಡುಗರಿಗೆಲ್ಲ ಅವರು ಅಮ್ಮನೇ. ಅಡುಗೆಮನೆ, ಊಟದ ಮೇಜು, ಹಿತ್ತಿಲಿನ ಬಟ್ಟೆಯ ಹಗ್ಗ, ಇಷ್ಟು ಅವರ ರಾಜ್ಯ. ಆ ರಾಜ್ಯದ ಮೊದಲನೆಯ ಕಾನೂನು: ಉಂಡವರು ತಮ್ಮ ತಟ್ಟೆ ತಾವೇ ತೊಳೆದಿಡಬೇಕು. ಯಜಮಾನರಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಆ ಶನಿವಾರ ಸಂಜೆಯೂ ತಂಡ ಸೋತಿತು. ಮೇಜಿನ ಸುತ್ತ ಯಜಮಾನರು, ಅಮ್ಮ, ಮಗ, ಸೊಸೆ, ಮೊಮ್ಮಗಳು, ಮನೆಯ ಐವರೂ ಕೂತಿದ್ದರು. ಅಮ್ಮ ಬೇಯಿಸಿದ ಆಲೂಗೆಡ್ಡೆ ಬಡಿಸುತ್ತಿದ್ದರು.

"ಆ ಮುಖ್ಯಸ್ಥನಿಗೆ ಕಣ್ಣಿದೆಯೋ ಇಲ್ವೋ," ಎಂದು ಯಜಮಾನರು ಆಲೂಗೆಡ್ಡೆಯನ್ನು ಉದ್ದೇಶಿಸಿ ಹೇಳಿದರು.

"ಅಪ್ಪ, ಉಪ್ಪು ಕೊಡಿ," ಎಂದ ಎದುರಿಗೆ ಕೂತಿದ್ದ ಮುಖ್ಯಸ್ಥ.

"ತಗೋ ಮಗನೇ. ಸರಿಯಾಗಿ ತಿನ್ನು, ಸೊರಗಿದೀಯ." ಉಪ್ಪು ದಾಟಿಸಿ ಯಜಮಾನರು ಮುಂದುವರಿದರು. "ಇವತ್ತು ನಮ್ಮ ಮುಂಚೂಣಿ ಆಟಗಾರ ಏನು ಮಾಡಿದ ಗೊತ್ತಾ? ಎದುರಾಳಿ ಕೆಳಗೆ ಬಿದ್ದ. ಚೆಂಡು ಇವನ ಕಾಲಲ್ಲಿದೆ. ಗೋಲು ಮುಂದೆ ಬಾಯಿ ತೆರ್ಕೊಂಡಿದೆ. ಇವನು ಚೆಂಡು ಬಿಟ್ಟು, ಬಿದ್ದವನನ್ನ ಎಬ್ಬಿಸಿ, ಮೈ ಮೇಲಿನ ಧೂಳು ಒರೆಸಿದ!"

"ಒಳ್ಳೇದೇ ಮಾಡಿದ್ನಲ್ಲ," ಎಂದರು ಅಮ್ಮ.

"ಒಳ್ಳೇದಾ?" ಯಜಮಾನರು ಫೋರ್ಕನ್ನು ಆಲೂಗೆಡ್ಡೆಗೆ ಚುಚ್ಚಿದರು. "ಅಷ್ಟರಲ್ಲಿ ಅವರು ಈ ಕಡೆ ಬಂದು ಗೋಲು ಹೊಡೆದರು ಕಣೇ!"

ಹದಿನಾರರ ಮೊಮ್ಮಗಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, "ಸ್ಕೂಲಲ್ಲಿ ನಮ್ಮ ಟೀಮಿಗೆ ಏನಂತಾರೆ ಗೊತ್ತಾ ಅಜ್ಜಿ? ಕ್ಷಮಿಸಿ ಕ್ಲಬ್ಬು," ಎಂದಳು.

"ಬಾಯ್ಮುಚ್ಚಿಕೊಂಡು ತಿನ್ನೇ," ಎಂದಳು ಸೊಸೆ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರಿಗೆ ಸಣ್ಣ ಅಕ್ಷರ ಓದಿಸಿ ಮನೆಗೆ ಬಂದರೆ ಇಲ್ಲಿ ಯಾರಿಗೂ ದೊಡ್ಡದೇ ಕಾಣುವುದಿಲ್ಲ ಎಂದು ಅವಳ ದೂರು. "ಮಾವ, ಒಂದು ಮಾತು ಕೇಳ್ತೀನಿ. ನಿಮ್ಮ ಸಂಘ ಗೆದ್ದು ಇವರ ಕೆಲಸ ಹೋದರೆ ಏನಾಗುತ್ತೆ? ಈ ಊರಲ್ಲಿ ಇರೋದು ಒಂದೇ ತಂಡ. ನಾವು ಗಂಟುಮೂಟೆ ಕಟ್ಕೊಂಡು ಬೇರೆ ಊರಿಗೆ ಹೋಗಬೇಕು. ಆಮೇಲೆ ಯಾರ ಬೂಟಿಗೆ ಪಾಲಿಶ್ ಹಾಕ್ತೀರಿ?"

ಯಜಮಾನರು ಇನ್ನೊಂದು ಆಲೂಗೆಡ್ಡೆ ಹಾಕಿಕೊಂಡರು. ಅಮ್ಮನ ಕೈಯಲ್ಲಿನ ಸೌಟು ಮಾತ್ರ ಹಾಗೇ ನಿಂತಿತು. ಐದು ಕುರ್ಚಿಗಳ ಆ ಮೇಜನ್ನು ಅವರು ಒಂದು ಸಲ ಸುತ್ತಲೂ ನೋಡಿದರು. ಮೂರು ಕುರ್ಚಿ ತೆಗೆದರೆ ಉಳಿಯುವುದು ತಾವು, ಈ ಯಜಮಾನರು, ಮತ್ತೆ ಫುಟ್‌ಬಾಲು.

"ಕ್ಲಬ್ಬಿನ ಅಧ್ಯಕ್ಷರು ಏನಂದ್ರು?" ಎಂದು ಅಮ್ಮ ಮಗನನ್ನು ಕೇಳಿದರು.

"ಇನ್ನೆಷ್ಟು ಸಮಯ ಕೊಡಬೇಕಪ್ಪಾ ನಿನಗೆ ಅಂದ್ರು. ಅಭಿಮಾನಿ ಸಂಘ ಏನು ಹೇಳುತ್ತೋ ನೋಡ್ಕೊಂಡು ತೀರ್ಮಾನ ಮಾಡ್ತಾರಂತೆ."

"ಮುಂದಿನ ಭಾನುವಾರ ಸಭೆ," ಎಂದರು ಯಜಮಾನರು ಗಂಭೀರವಾಗಿ. "ಇಲ್ಲೇ, ಮುಂದಿನ ಕೋಣೇಲಿ. ಹದಿನೈದು ಜನಕ್ಕೆ ಚಹಾ ಬೇಕಾಗುತ್ತೆ."

"ನನ್ನ ಮಗನನ್ನ ಹೊರಗೆ ಹಾಕೋಕೆ ನಾನೇ ಚಹಾ ಕಾಯಿಸ್ಬೇಕಾ?"

"ಮಗನನ್ನಲ್ಲ. ಮುಖ್ಯಸ್ಥನನ್ನ."

ಮುಂದಿನ ಶನಿವಾರ ಸೊಸೆಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಮನೆಯವರಿಗೆಂದು ಕ್ಲಬ್ಬು ಕೊಡುವ ಪಾಸು ವ್ಯರ್ಥವಾಗುತ್ತದಲ್ಲ ಎಂದು ಅಮ್ಮ ಮೊಮ್ಮಗಳ ಜೊತೆ ತಾವೇ ಹೊರಟರು. ಅವರು ಮೈದಾನಕ್ಕೆ ಹೋಗದೆ ವರ್ಷಗಳೇ ಆಗಿದ್ದವು. ತಂಡವನ್ನು ಅವರು ಬಲ್ಲದ್ದು ಊಟದ ಮೇಜಿನಿಂದ. ಯಾವ ಆಟಗಾರನಿಗೇ ಆಗಲಿ, ಸಹಿ ಹಾಕಿಸುವ ಮೊದಲು ಮಗ ಅವನನ್ನು ಒಂದು ಸಲ ಮನೆಗೆ ಊಟಕ್ಕೆ ಕರೆತರುತ್ತಿದ್ದ. ಆಟ ಆಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಮನುಷ್ಯ ಎಂಥವನು ಎನ್ನುವುದು ಊಟಕ್ಕೆ ಕೂತಾಗಲೇ ತಿಳಿಯುವುದು ಎಂದು ಅವನ ನಂಬಿಕೆ.

ಅಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದರು. ಓಹೋ, ಎಲ್ಲರೂ ತಮ್ಮ ಹುಡುಗರೇ! ಅಗೋ ಆ ಎತ್ತರದವನು, ಕೊನೆಯ ಕೋಳಿ ತುಂಡನ್ನು ಮೊಮ್ಮಗಳಿಗೆ ಬಿಟ್ಟುಕೊಟ್ಟವನು. ಇಗೋ ಈ ಕಡೆಯವನು, ತಟ್ಟೆ ತೊಳೆದದ್ದಲ್ಲದೆ ಸಿಂಕನ್ನೂ ಒರೆಸಿಟ್ಟವನು. ಅಷ್ಟರಲ್ಲಿ ಎದುರಾಳಿಯೊಬ್ಬ ಚೆಂಡು ಒದೆಯುತ್ತಾ ನುಗ್ಗಿಬಂದ. ಅಡ್ಡ ನಿಂತಿದ್ದ ಎತ್ತರದವನು, ಅವನಿಗೆ ತಗಲೀತೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ಎಷ್ಟು ಒಳ್ಳೆ ಹುಡುಗ ನೋಡೇ," ಎಂದು ಅಮ್ಮ ಚಪ್ಪಾಳೆ ತಟ್ಟಿದರು.

ಇಡೀ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರು ಅವರೊಬ್ಬರೇ. ಮೊಮ್ಮಗಳು ಮುಖವನ್ನು ಕೈಯಲ್ಲಿ ಮುಚ್ಚಿಕೊಂಡಳು. ಹಿಂದಿನ ಸಾಲಿನ ಹೆಂಗಸೊಬ್ಬಳು, "ಇಂಥವರನ್ನೆಲ್ಲ ಹುಡುಕಿ ತಂದಿದಾನಲ್ಲ, ಅವನಿಗೆ ಅವರಮ್ಮ ಏನು ಕಲಿಸಿದಾಳೋ!" ಎಂದಳು. ದೂರದಲ್ಲಿ, ಗ್ಯಾಲರಿಯ ಆ ತುದಿಯಲ್ಲಿ, ಪರಿಚಿತವಾದ ಗಂಟಲೊಂದು ಹರಿದುಹೋಗುವಂತೆ ಕೂಗುತ್ತಿತ್ತು: "ಆರಿಸಿದವನನ್ನ ಮನೆಗೆ ಕಳಿಸಿ! ಮನೆಗೆ ಕಳಿಸಿ!"

ಆಟ ಮುಗಿಯುವ ಹೊತ್ತಿಗೆ ನಾಲ್ಕು ಗೋಲು ಬಿದ್ದಿದ್ದವು, ನಾಲ್ಕೂ ಇತ್ತ ಕಡೆಗೇ. ಪ್ರತಿ ಗೋಲಿಗೂ ತಮ್ಮ ಹುಡುಗರು ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡದ್ದನ್ನು ಅಮ್ಮ ಕಣ್ಣಾರೆ ಕಂಡರು.

ಮನೆಗೆ ಬಂದು ಅವರು ಸಿಂಕಿನ ಮುಂದೆ ನಿಂತು, ಬೆಳಗಿನ ಪಾತ್ರೆ ಉಜ್ಜತೊಡಗಿದರು. ಕೈ ಉಜ್ಜುತ್ತಿತ್ತು, ತಲೆ ಬೇರೆ ಕಡೆ ಓಡುತ್ತಿತ್ತು. ಮೊದಲ ವರ್ಷದ ಗೋಲ್‌ಕೀಪರನ ನೆನಪಾಯಿತು. ಈಗ ದೊಡ್ಡ ತಂಡವೊಂದರಲ್ಲಿ ಹೆಸರು ಮಾಡಿದ್ದಾನೆ. ಊಟಕ್ಕೆ ಬಂದಾಗ ಯಜಮಾನರ ಜೊತೆ ಕುರ್ಚಿಗೆ ಜಗಳವಾಡಿ ದೊಡ್ಡ ಗಾಜಿನ ಬಟ್ಟಲು ಒಡೆದ ಪುಣ್ಯಾತ್ಮ ಅವನೇ. ಅವನ ಜೊತೆ ಬಂದ ಇನ್ನಿಬ್ಬರೂ ಅಷ್ಟೇ. ಒಬ್ಬ ಅಡುಗೆಗೆ ಹೆಸರಿಟ್ಟ, ಇನ್ನೊಬ್ಬ ಉಂಡ ತಟ್ಟೆಯಲ್ಲೇ ಕೈ ತೊಳೆದ. ಮೂವರನ್ನೂ ಕಂಡರೆ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮೂವರೇ ತಂಡವನ್ನು ಗೆಲ್ಲಿಸಿದವರು. ಆಮೇಲೆ ಬಂದವರೆಲ್ಲ ಬಂಗಾರದಂಥವರು.

ಅಮ್ಮ ಉಜ್ಜುತ್ತಿದ್ದ ಬಾಣಲೆ ಸಿಂಕಿಗೆ ಬಿತ್ತು.

ಮಗ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅಮ್ಮ ಕೈಯ ಸೋಪನ್ನೂ ತೊಳೆದುಕೊಳ್ಳದೆ ಹೋಗಿ ಎದುರು ನಿಂತರು.

"ನಿಜ ಹೇಳು. ಆಟಗಾರರನ್ನ ಆರಿಸೋದು ನೀನಾ, ನಾನಾ?"

ಮಗ ಅಂಗಿಯ ತೋಳಿಗೆ ಸಿಕ್ಕಿಸಿದ್ದ ಬಟ್ಟೆಯ ಕ್ಲಿಪ್ಪು ತೆಗೆಯುತ್ತಾ ಅತ್ತಿತ್ತ ನೋಡಿದ. "ಏನಮ್ಮ ಹಾಗಂದ್ರೆ..."

"ಬಂದ ಹುಡುಗ ನನಗೆ ಇಷ್ಟ ಆದ್ರೆ ಮಾರನೇ ದಿನ ಸಹಿ ಹಾಕಿಸ್ತೀಯ. ಹೌದೋ ಅಲ್ವೋ?"

"ಆಟ ನೋಡೇ ಕರ್ಕೊಂಡು ಬರೋದಮ್ಮ. ಇಬ್ಬರು ಮೂವರು ಒಂದೇ ಸಮ ಇರ್ತಾರೆ. ಯಾರು ಅಂತ ತೀರ್ಮಾನ ಮಾಡ್ಬೇಕಾದಾಗ..." ಮಗ ದಿಂಬಿನ ಚೀಲವೊಂದನ್ನು ಅನಗತ್ಯವಾಗಿ ನಾಲ್ಕು ಮಡಿಕೆ ಮಡಿಸಿದ. "ಆ ಗೋಲ್‌ಕೀಪರ್‌ನ ಸೇರಿಸ್ಕೊಂಡಾಗ ನೀನು ನನ್ನ ಜೊತೆ ತಿಂಗಳುಗಟ್ಟಲೆ ಸರಿಯಾಗಿ ಮಾತಾಡ್ಲಿಲ್ಲ. ಸೂಪು ಬಡಿಸುವಾಗ ಆ ಸೌಟು ಬಡಿಯೋ ಸದ್ದು ನನಗೆ ಇನ್ನೂ ಕೇಳುತ್ತೆ. ಆಮೇಲೊಬ್ಬ ತಟ್ಟೆ ತೊಳೆದಿಟ್ಟ ಹುಡುಗ ಬಂದ. ನಿನ್ನ ಮುಖ ಅರಳಿತು. ಮನೇಲಿ ನೆಮ್ಮದಿ ಆಯ್ತು. ನನಗೂ ಅದೇ ಅಭ್ಯಾಸ ಆಗ್ಹೋಯ್ತು."

"ಅಯ್ಯೋ ನಿನ್ನ! ನಿನ್ನನ್ನ ಆ ಕುರ್ಚಿಲಿ ಕೂರಿಸಿದ್ದು ಗೋಲು ಹೊಡೆಯೋರನ್ನ ತರೋಕೋ, ನನಗೆ ಅಳಿಯಂದಿರನ್ನ ಹುಡುಕೋಕೋ?"

ಅಮ್ಮನಿಗೆ ಅಳುವೂ ಬಂತು, ನಗುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಮಗನ ಕೈಯಲ್ಲಿದ್ದ ಬಟ್ಟೆಯ ರಾಶಿಯನ್ನು ಕಿತ್ತುಕೊಂಡು ಒಳಗೆ ನಡೆದರು.

ಭಾನುವಾರ ಮಧ್ಯಾಹ್ನ ಮುಂದಿನ ಕೋಣೆ ಭರ್ತಿಯಾಯಿತು. ಕಟಿಂಗ್ ಶಾಪಿನವನು, ಔಷಧಿ ಅಂಗಡಿಯವನು, ಪೋಸ್ಟ್‌ಮ್ಯಾನು, ಹಳೆಯ ಬಸ್ ಕಂಡಕ್ಟರುಗಳು, ಎಲ್ಲರೂ ಚಪ್ಪಲಿ ಬಿಟ್ಟು ಬಂದು ಸಾಲಾಗಿ ಕೂತರು. ಒಬ್ಬೊಬ್ಬರ ಮುಖದಲ್ಲೂ ನಾಲ್ಕು ಗೋಲಿನ ಸೂತಕ. ಸೊಸೆ, ಮೊಮ್ಮಗಳು ಬಿಸ್ಕತ್ತಿನ ತಟ್ಟೆ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದರು. ಮಗ ಮಹಡಿಯ ಮೇಲೆ ಬಾಗಿಲು ಹಾಕಿಕೊಂಡಿದ್ದ.

"ಚಹಾ ಆಯ್ತೇನೇ?" ಎಂದು ಯಜಮಾನರು ಅಡುಗೆಮನೆಗೆ ಬಂದರು. ಸಭೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಖವನ್ನೂ ಇಸ್ತ್ರಿ ಮಾಡಿದಂತಿದ್ದರು.

"ಬಾಗಿಲು ಮುಂದೆ ಮಾಡಿ," ಎಂದರು ಅಮ್ಮ. "ಆ ಡಬ್ಬದ ಮೇಲೆ ಕೂತ್ಕೊಳ್ಳಿ. ನಿಂತು ಕೇಳಿದ್ರೆ ಬೀಳ್ತೀರಿ."

ಯಜಮಾನರು ಹಿಟ್ಟಿನ ಡಬ್ಬದ ಮೇಲೆ ಕೂತರು. ಅಮ್ಮ ಚಹಾ ಸೋಸುತ್ತಾ ಸೋಸುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಕೊನೆಯ ಲೋಟಕ್ಕೆ ಚಹಾ ಬೀಳುವ ಹೊತ್ತಿಗೆ ಯಜಮಾನರ ಬಾಯಿ ತೆರೆದದ್ದು ತೆರೆದೇ ಇತ್ತು.

"ಅಂದ್ರೆ ಇಷ್ಟು ದಿನ ಗ್ಯಾಲರಿಲಿ ನಿಂತು ಗಂಟಲು ಹರ್ಕೊಂಡು ನಾನು ಬೈದಿದ್ದು..."

"ನನ್ನನ್ನೇ."

"ನಿನ್ನೆ ಮನೆಗೆ ಕಳಿಸಿ ಅಂತ ಕೂಗಿದ್ದು..."

"ನನಗೇ. ಕೇಳಿಸ್ತು. ನಾನೂ ಅಲ್ಲೇ ಇದ್ದೆ."

ಯಜಮಾನರು ಎದ್ದು ಮತ್ತೆ ಕೂತರು. ಬಸ್ಸು ಓಡಿಸುವಾಗ ಒಂದೇ ಒಂದು ಸಲ ಅವರು ತಪ್ಪು ದಾರಿಗೆ ತಿರುಗಿಸಿ, ತುಂಬಿದ ಬಸ್ಸನ್ನು ಇನ್ಯಾರದೋ ಅಂಗಳದಲ್ಲಿ ನಿಲ್ಲಿಸಿದ್ದರು. ಈಗಲೂ ಮುಖ ಅಂದಿನ ಹಾಗೇ ಆಗಿತ್ತು.

"ಹೊರಗೆ ಹೋಗಿ ಹೇಳಿ," ಎಂದರು ಅಮ್ಮ. "ತಪ್ಪು ಮಾಡಿದ್ದು ನಾನು. ಕಿತ್ತು ಹಾಕೋದಾದ್ರೆ ನನ್ನನ್ನ ಹಾಕಿ. ಅವನದ್ದು ಇರೋ ತಪ್ಪು ಒಂದೇ, ಅಮ್ಮನ ಮುಖ ನೋಡ್ತಾನೆ. ನನಗೆ ನನ್ನ ಮಗ, ಸೊಸೆ, ಮೊಮ್ಮಗಳು ಈ ಮನೇಲೇ ಇರ್ಬೇಕು ಕಣ್ರೀ. ಅವರಿಲ್ಲದೆ ನನ್ನ ಕೈಲಿ ಆಗಲ್ಲ."

ಯಜಮಾನರು ಹೆಂಡತಿಯ ಕೈಯಿಂದ ಟ್ರೇ ತೆಗೆದುಕೊಂಡು, ಕಾಲಿನಿಂದ ಬಾಗಿಲು ತಳ್ಳಿ, ಮದುವೆಯಾದ ಮೇಲೆ ಮೊದಲ ಸಲ ತಾವೇ ಚಹಾ ಹೊತ್ತುಕೊಂಡು ಹೊರಗೆ ನಡೆದರು. ಅಮ್ಮ, ಸೊಸೆ, ಮೊಮ್ಮಗಳು ಮೂವರೂ ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತರು.

"ನೋಡಿ," ಎಂದು ಯಜಮಾನರ ದನಿ ಕೇಳಿಸಿತು. "ಬಹಳ ಯೋಚನೆ ಮಾಡಿದೆ. ಆ ಮುಖ್ಯಸ್ಥನಿಗೆ ಇನ್ನೂ ಸ್ವಲ್ಪ ಸಮಯ ಕೊಡಬೇಕು."

ಕಟಿಂಗ್ ಶಾಪಿನವನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು.

"ಏನ್ರೀ ಇದು!" ಎಂದ ಕಟಿಂಗ್ ಶಾಪಿನವನು. "ನಿನ್ನೆ ಸಾಯಂಕಾಲ ನನ್ನ ಅಂಗಡೀಲಿ ಕೂತು, ಅವನನ್ನ ಕೂಡ್ಲೇ ಕಳಿಸ್ಬೇಕು ಅಂತ ಕುಣಿದಾಡಿದ್ರಿ. ನಿಮ್ಮ ಕಿವಿ ಕತ್ತರಿಸಿ ಹೋಗ್ತಿತ್ತು, ಸ್ವಲ್ಪದ್ರಲ್ಲಿ ತಪ್ಪಿತು!"

"ನಿನ್ನೆ ನಿನ್ನೆಯೇ. ಬಸ್ಸು ದಿಬ್ಬ ಹತ್ತೋವಾಗ ಡ್ರೈವರನ್ನ ಬದಲಾಯಿಸ್ತಾರೇನ್ರೀ?"

"ದಿಬ್ಬ ಎಲ್ಲಿದೆ? ಬಸ್ಸು ಹಳ್ಳಕ್ಕೆ ಇಳೀತಿದೆ!" ಎಂದ ಪೋಸ್ಟ್‌ಮ್ಯಾನು.

"ಹಳ್ಳಕ್ಕೆ ಇಳಿಯೋವಾಗಂತೂ ಬದಲಾಯಿಸಲೇಬಾರದು!"

"ಮಗ ಅಂತ ಕರುಳು ಚುರ್ ಅಂತಾ?" ಎಂದು ಔಷಧಿ ಅಂಗಡಿಯವನು ಮೆತ್ತಗೆ ಚುಚ್ಚಿದ.

"ಮಗನ ಮಾತು ಎತ್ತಬೇಡಿ," ಎಂದು ಯಜಮಾನರು ಗುಡುಗಿದರು. "ಮುಖ್ಯಸ್ಥರ ಮಾತಾಡ್ತಿದೀನಿ. ಮುಖ್ಯಸ್ಥರಿಗೆ ತಪ್ಪು ಗೊತ್ತಾಗಿದೆ. ನನ್ನ ಮುಂದೆ ಬಾಯಿಬಿಟ್ಟು ಒಪ್ಕೊಂಡಿದಾರೆ. ತಪ್ಪು ಮಾಡಿ ನನ್ನದೇ ತಪ್ಪು ಅಂತ ಬಂದು ನಿಂತವರನ್ನ ನಿಮ್ಮ ಜೀವಮಾನದಲ್ಲಿ ಎಷ್ಟು ಜನರನ್ನ ನೋಡಿದೀರಿ? ನಾನು ಒಬ್ಬರನ್ನೇ ನೋಡಿದ್ದು. ಇವತ್ತು."

ಬಾಗಿಲ ಹಿಂದೆ ಸೊಸೆ ಅತ್ತೆಯ ಕಡೆ ನೋಡಿದಳು. ಅಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಮುಖ್ಯಸ್ಥರು ಅಂತೆ," ಎಂದರು.

ಬಹಳ ಹೊತ್ತು ಕೂಗಾಟ ನಡೆಯಿತು. ಕೊನೆಗೆ ತೀರ್ಮಾನವಾದದ್ದಿಷ್ಟು: ತಿಂಗಳ ಕೊನೆಗೆ ಹೊಸಬರನ್ನು ಸೇರಿಸಿಕೊಳ್ಳುವ ಗಡುವು ಮುಗಿಯುತ್ತದೆ. ಅಷ್ಟರಲ್ಲಿ ಮುಖ್ಯಸ್ಥ ಒಬ್ಬ ಗೋಲು ಹೊಡೆಯುವವನನ್ನು ತರಬೇಕು. ಈ ವರ್ಷದ ಆಟದ ಋತು ಮುಗಿಯುವಾಗ ತಂಡ ಕೆಳದರ್ಜೆಗೆ ಬಿದ್ದರೆ ಮುಖ್ಯಸ್ಥನೂ ಹೋಗಬೇಕು, ಸಂಘದ ಅಧ್ಯಕ್ಷರೂ ರಾಜೀನಾಮೆ ಕೊಡಬೇಕು. ಕೊನೆಯದನ್ನು ಸೇರಿಸಿದ್ದು ಕಟಿಂಗ್ ಶಾಪಿನವನು.

ಮಗ ಇಬ್ಬರನ್ನು ನೋಡಿಟ್ಟುಕೊಂಡಿದ್ದ. ಇಬ್ಬರ ಆಟವೂ ಒಂದೇ ತೂಕ.

"ಹಾಗಾದ್ರೆ ಈ ಸಲ ತಿರುಗಾ ಮುರುಗಾ," ಎಂದರು ಅಮ್ಮ. "ನನಗೆ ಆಗದವನನ್ನ ತಗೋ."

"ಕನ್ನಡಕ ತಿರುಗಿಸಿ ಹಾಕ್ಕೊಂಡ್ರೆ ಕಣ್ಣು ಸರಿಯಾಗುತ್ತಾ ಅತ್ತೆ?" ಎಂದು ಸೊಸೆ ಕೇಳಿದಳು. ಆದರೆ ಬೇರೆ ಉಪಾಯವಿರಲಿಲ್ಲ.

ಮೊದಲನೆಯವನು ಬುಧವಾರ ಬಂದ. ಬಾಗಿಲಲ್ಲೇ ಬೂಟು ಬಿಚ್ಚಿ ನೇರ ಜೋಡಿಸಿಟ್ಟ. ಯಜಮಾನರಿಗೆ ಕುರ್ಚಿ ಎಳೆದುಕೊಟ್ಟ. ಮೀನಿನ ಚಿಕ್ಕ ತುಂಡನ್ನೇ ಹುಡುಕಿ ಹಾಕಿಕೊಂಡ. "ನಮ್ಮಮ್ಮನ ಕೈ ಅಡುಗೆ ನೆನಪಾಯ್ತು," ಎಂದ. ಊಟವಾದ ಮೇಲೆ ತನ್ನ ತಟ್ಟೆಯ ಜೊತೆ ಎಲ್ಲರ ತಟ್ಟೆಯನ್ನೂ ತೊಳೆದು, ಬಟ್ಟೆಯಿಂದ ಒರೆಸಿ, ಯಾವುದು ಎಲ್ಲಿ ಇಡಬೇಕೆಂದು ಕೇಳಿ ಕೇಳಿ ಇಟ್ಟ. ಅಮ್ಮನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಮೇಜಿಗೆ ಬಂದವರಲ್ಲಿ ಇಂಥವನಿರಲಿಲ್ಲ.

ಅವನನ್ನು ಬೀಳ್ಕೊಟ್ಟು ಮಗ ಅಡುಗೆಮನೆಯ ಬಾಗಿಲಿಗೆ ಬಂದ. "ಹೇಗಮ್ಮ?"

"ಬಂಗಾರ ಕಣೋ," ಎಂದು ಅಮ್ಮ ಮೂಗು ಒರೆಸಿಕೊಂಡರು. "ಬೇಡವೇ ಬೇಡ."

ಎರಡನೆಯವನು ಗುರುವಾರ ಬಂದ, ಹೇಳಿದ ಹೊತ್ತಿಗಿಂತ ಬಹಳ ತಡವಾಗಿ. ಆಗಷ್ಟೇ ಒರೆಸಿದ ನೆಲದ ಮೇಲೆ ಬೂಟುಗಾಲಲ್ಲೇ ನಡೆದುಬಂದು ನೇರ ಯಜಮಾನರ ಕುರ್ಚಿಯಲ್ಲಿ ಕೂತ. "ಹಸಿವು," ಎಂದ. ಒಂದು ತುತ್ತು ತಿಂದು, "ಉಪ್ಪು ಕಮ್ಮಿ," ಎಂದ. ಬಟ್ಟಲಲ್ಲಿ ಉಳಿದಿದ್ದ ಕೊನೆಯ ಕೋಳಿಕಾಲಿನ ಮೇಲೆ ಯಜಮಾನರು ಊಟದ ಮೊದಲಿನಿಂದ ಕಣ್ಣಿಟ್ಟಿದ್ದರು. ಅವರು ಕೈ ಚಾಚುವ ಮೊದಲೇ ಅದು ಇವನ ತಟ್ಟೆಯಲ್ಲಿತ್ತು.

"ಅದು ನಂದು ಕಣಯ್ಯಾ!" ಎಂದರು ಯಜಮಾನರು.

"ನಿಧಾನ ಆಯ್ತು ತಾತ ನಿಮ್ದು," ಎಂದ ಅವನು ಅಗಿಯುತ್ತಾ.

ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು, ಎಲುಬನ್ನು ಮೇಜಿನ ಬಟ್ಟೆಯ ಮೇಲಿಟ್ಟು, ಆಕಳಿಸಿ ಎದ್ದುಹೋದ. ಮೊಮ್ಮಗಳು ಆ ಕ್ಷಣವೇ ಅವನಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟಳು.

ಅಮ್ಮ ಮೇಜಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮಗನ ಮುಂದೆ ಬಂದರು. "ಇವನು ಇನ್ನೊಂದು ಸಲ ಈ ಮನೆಗೆ ಕಾಲಿಟ್ರೆ ನಾನು ಹಿತ್ತಿಲ ಬಾಗಿಲಿಂದ ಹೊರಟುಹೋಗ್ತೀನಿ."

ಮಗನ ಮುಖ ಬೆಳಗಿತು. "ಅಷ್ಟೊಂದಾ ಅಮ್ಮ?"

"ಅಷ್ಟೊಂದು."

ಮಾರನೆಯ ದಿನ ಸಹಿಯಾಯಿತು. ಅದರ ಮಾರನೆಯ ದಿನ ಮಗ ತಲೆ ಕೆರೆದುಕೊಳ್ಳುತ್ತಾ ಬಂದು, ಕ್ಲಬ್ಬಿನ ವಸತಿ ತುಂಬಿದೆ, ಬಾಡಿಗೆ ಮನೆ ಸಿಗುತ್ತಿಲ್ಲ, ಋತು ಮುಗಿಯುವವರೆಗೆ ಮೆಣಸಿನಕಾಯಿ ನಮ್ಮ ಮಹಡಿಯ ಕೋಣೆಯಲ್ಲೇ ಇರುತ್ತಾನೆ ಎಂದ. ಅಮ್ಮ ಮೇಜಿಗೆ ಆರನೆಯ ಕುರ್ಚಿ ತಂದು ಹಾಕಿದರು. ಹಾಕಿದ ಸದ್ದು ಬೀದಿಗೆ ಕೇಳಿಸಿತು.

ಅಲ್ಲಿಂದ ಮುಂದಿನ ವಾರಗಳನ್ನು ಅಮ್ಮ ಹೇಗೆ ಕಳೆದರೋ ಅವರಿಗೇ ಗೊತ್ತು. ಒದ್ದೆ ಟವೆಲು ಸೋಫಾದ ಮೇಲೆ. ಕೆಸರು ಬೂಟು ಹಾಸಿಗೆಯ ಕೆಳಗೆ. ತಟ್ಟೆ ಎಲ್ಲೆಂದರಲ್ಲಿ, ಒಂದು ಸಲ ಸ್ನಾನದ ಮನೆಯ ಕಿಟಕಿಯ ಮೇಲೂ ಸಿಕ್ಕಿತು. ಅಮ್ಮ ಹಲ್ಲು ಕಚ್ಚಿಕೊಂಡು ಎತ್ತಿದರು, ತೊಳೆದರು, ಒರೆಸಿದರು. ಮೊದಲ ಆಟದಲ್ಲಿ ಅವನು ತನ್ನ ತಂಡದವರ ಜೊತೆಯೇ ಜಗಳ ತೆಗೆದ, ತಂಡ ಸೋತಿತು. ಕಟಿಂಗ್ ಶಾಪಿನವನು ಯಜಮಾನರನ್ನು ದಾರಿಯಲ್ಲಿ ನಿಲ್ಲಿಸಿ, ರಾಜೀನಾಮೆ ಬರೆಯೋಕೆ ಪೆನ್ನು ಬೇಕಾ ಎಂದು ಕೇಳಿದ. ಎರಡನೆಯ ಆಟ ಸಮವಾಯಿತು. ಮೂರನೆಯ ಆಟದಲ್ಲಿ ಮೆಣಸಿನಕಾಯಿ ಎತ್ತರದ ಬಂಗಾರದ ಹುಡುಗನ ಮುಖಕ್ಕೆ ಮುಖ ತಂದು, "ದಾರಿ ಬಿಡೋಕೆ ನೀನೇನು ಹೋಟೆಲ್ ಬಾಗಿಲು ಕಾಯೋನಾ?" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಅಬ್ಬರಿಸಿದ. ಬಂಗಾರದ ಹುಡುಗನ ಕಿವಿ ಕೆಂಪಾಯಿತು. ಅವನು ಮುಂದೆ ಬಂದವನನ್ನು ಹುಟ್ಟಿದಂದಿನಿಂದ ಮೊದಲ ಸಲ ತಡೆದ, ಕ್ಷಮೆಯನ್ನೂ ಕೇಳಲಿಲ್ಲ. ಚೆಂಡು ಮೆಣಸಿನಕಾಯಿಗೆ ಸಿಕ್ಕಿತು. ಆ ದಿನ ಎರಡು ಗೋಲು.

ಊಟದ ಮೇಜಿನಲ್ಲಿ ಯಜಮಾನರಿಗೂ ಅವನಿಗೂ ದಿನಾ ಯುದ್ಧ. ಕುರ್ಚಿಗೆ ಯುದ್ಧ, ಕೋಳಿಕಾಲಿಗೆ ಯುದ್ಧ, ಬಸ್ಸು ಓಡಿಸುವುದು ಕಷ್ಟವೋ ಫುಟ್‌ಬಾಲೋ ಎಂದು ಯುದ್ಧ. ಆದರೂ ಶನಿವಾರ ಬೆಳಿಗ್ಗೆ ಬಾಗಿಲ ಪಕ್ಕ ಈಗ ಪಾಲಿಶ್ ಆದ ಎರಡು ಜೊತೆ ಬೂಟು ಇರತೊಡಗಿದವು. "ಮಹಡಿಯವನದ್ದು ಕೊಳಕಾಗಿತ್ತು, ನೋಡಕ್ಕಾಗ್ಲಿಲ್ಲ," ಎಂದು ಯಜಮಾನರು ಯಾರೂ ಕೇಳದೆಯೇ ಹೇಳಿದರು.

ಹೀಗೆ ಸೋತು, ಗೆದ್ದು, ಎದ್ದು, ಬಿದ್ದು ತಂಡ ಋತುವಿನ ಕೊನೆಯ ಶನಿವಾರಕ್ಕೆ ಬಂದು ನಿಂತಿತು. ಗೆದ್ದರೆ ಉಳಿವು. ಸೋತರೆ ಎಲ್ಲ ಮುಗಿಯಿತು. ಆ ಬೆಳಿಗ್ಗೆ ಸೊಸೆ ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿಕೊಂಡಿದ್ದಳು. ಮಗ ಖಾಲಿ ಲೋಟದಿಂದ ಚಹಾ ಕುಡಿಯುತ್ತಿದ್ದ.

ಅಮ್ಮ ಹಿತ್ತಿಲಿಗೆ ಹೋಗಿ ಬಟ್ಟೆ ಹರವಿ ಬರುವಾಗ ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಕೇಳಿಸಿತು. ಇಣುಕಿ ನೋಡಿದರೆ ಮೆಣಸಿನಕಾಯಿ. ತೋಳು ಮಡಿಸಿಕೊಂಡು, ತನ್ನ ತಟ್ಟೆಗೆ ಸೋಪು ಹಚ್ಚಿ, ಜಾಗರೂಕತೆಯಿಂದ ಉಜ್ಜುತ್ತಿದ್ದ.

ಅಮ್ಮನ ಜೀವ ಬಾಯಿಗೆ ಬಂತು. "ಏನೋ ಮಾಡ್ತಿದೀಯಾ?"

ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಿರುಗಿದ. "ಇಷ್ಟು ದಿನ ನೀವೇ ತೊಳೆದ್ರಲ್ಲಮ್ಮ. ಒಂದಿನಾನೂ ಬೈಲಿಲ್ಲ. ನಮ್ಮನೇಲಾಗಿದ್ರೆ ತಟ್ಟೆ ತಲೆ ಮೇಲೆ ಬೀಳ್ತಿತ್ತು. ಇವತ್ತು ಕೊನೇ ಆಟ. ಆಮೇಲೆ ಹೋಗ್ಬಿಡ್ತೀನಲ್ಲ, ಅದಕ್ಕೇ..." ಮುಂದಿನ ಮಾತು ಅವನಿಗೆ ಬರಲಿಲ್ಲ. ಅಭ್ಯಾಸವಿರಲಿಲ್ಲ, ಪಾಪ.

ಎಷ್ಟೋ ವಾರಗಳಿಂದ ಅಮ್ಮ ಕಾದಿದ್ದ ಮಾತು ಅದು. ಅವನ ತಲೆ ಸವರಬೇಕೆಂದು ಕೈ ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಅವರಿಗೆ ಮಧ್ಯಾಹ್ನದ ಆಟ ಕಣ್ಣ ಮುಂದೆ ಬಂತು: ಗೋಲು ಬಾಯಿ ತೆರೆದುಕೊಂಡಿದೆ, ಚೆಂಡು ಕಾಲಲ್ಲಿದೆ, ಎದುರಾಳಿ ಬಿದ್ದಿದ್ದಾನೆ, ಮೆಣಸಿನಕಾಯಿ ಬಗ್ಗಿ ಅವನ ಮೈ ಮೇಲಿನ ಧೂಳು ಒರೆಸುತ್ತಿದ್ದಾನೆ.

"ಇಡೋ ಅದನ್ನ!" ಎಂದು ಅಮ್ಮ ನುಗ್ಗಿ ತಟ್ಟೆ ಕಿತ್ತುಕೊಂಡರು. "ಮುಟ್ಟಬೇಡ! ಆ ಟವೆಲು ತಗೊಂಡು ಹೋಗಿ ಸೋಫಾ ಮೇಲೆ ಎಸಿ! ನಡಿ!"

"ಅಮ್ಮ?"

"ಇವತ್ತೊಂದು ದಿನ ಕೆಟ್ಟವನಾಗಿರಪ್ಪ, ನಿನ್ನ ಕಾಲಿಗೆ ಬೀಳ್ತೀನಿ!" ಅಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಾಳೆ ಬೆಳಿಗ್ಗೆ ಬಂದು ಇರೋ ಪಾತ್ರೆ ಎಲ್ಲ ನೀನೇ ತೊಳೆಯುವಂತೆ."

ಭಾನುವಾರ ಬೆಳಿಗ್ಗೆ ಯಜಮಾನರು ಹಿಂದಿನ ದಿನ ತಂಡ ಗೆದ್ದ ಸಂಭ್ರಮದಲ್ಲಿ ಕೂಗಿ ಕೂಗಿ ದನಿ ಕಳೆದುಕೊಂಡು ಎದ್ದಾಗ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು. ಮೆಣಸಿನಕಾಯಿ ಮೊಣಕೈವರೆಗೂ ನೊರೆಯಲ್ಲಿ ಮುಳುಗಿದ್ದ. ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಾಣಲೆ ತಳ ಬಿಟ್ಟೆ ನೋಡು," ಎನ್ನುತ್ತಿದ್ದರು. "ಗೋಲು ಹೊಡೆದ್ರೆ ಸಾಕಾಗಲ್ಲ, ಸರಿಯಾಗಿ ಉಜ್ಜು."